ಲೋಗೋ ಆಮೇಲೆ, ಮೊದಲು ಸ್ಪ್ರಿಂಗ್ ಒತ್ತಿ ನೋಡಿ

ಈ ಸಲ ಬಂದ ಪ್ರಶ್ನೆಗಳೆಲ್ಲ ಕ್ಯಾರಬೀನರ್ ಕೀಚೈನ್ ಬಗ್ಗೆಯೇ. ಹೆಸರು ಕೇಳಿಲ್ಲದಿದ್ದರೂ ವಸ್ತುವನ್ನು ನೋಡಿರುತ್ತೀರಿ: ಡಿ ಆಕಾರದ ಬಣ್ಣದ ಕೊಕ್ಕೆ, ಒಂದು ಪಕ್ಕ ಒತ್ತಿದರೆ ತೆರೆಯುವ ಬಾಯಿ, ಕೆಳಗೊಂದು ರಿಂಗು, ಮೈಮೇಲೆ ಯಾವುದೋ ಕಂಪನಿಯ ಹೆಸರು. ಇಂಥ ಗಿಫ್ಟ್‌ಗಳ ಮೇಲೆ ಹೆಸರು ಹಾಕಿಕೊಡುವುದೇ ನನ್ನ ಕಸುಬು. ಹಾಗಾಗಿ ಮಾರುವವನ ಮಾತು ಅಂತ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ, ಬೇಜಾರಿಲ್ಲ.

ಪ್ರಶ್ನೆ: ದಾವಣಗೆರೆಯಲ್ಲಿ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದೇನೆ. ಪ್ರತಿ ವರ್ಷ ಗಿರಾಕಿಗಳಿಗೆ ಕ್ಯಾಲೆಂಡರ್ ಕೊಡುತ್ತಿದ್ದೆ. ಈಗ ಎಲ್ಲರೂ ಕ್ಯಾರಬೀನರ್ ಮಾಡಿಸಿ ಅನ್ನುತ್ತಿದ್ದಾರೆ. ಇದು ನಾಲ್ಕು ದಿನದ ಹುಚ್ಚಾ? 500 ಪೀಸ್ ಮಾಡಿಸಬಹುದಾ?

ಹುಚ್ಚು ಸ್ವಲ್ಪ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಕಾರಣವೂ ಇದೆ. ಮನೆಯ ಗೋಡೆಗೆ ಇರುವುದು ಒಂದೇ ಮೊಳೆ. ಅದಕ್ಕೆ ತಿಥಿ, ನಕ್ಷತ್ರ, ರಾಹುಕಾಲ ಇರುವ ಕ್ಯಾಲೆಂಡರ್ ನೇತುಹಾಕುತ್ತಾರೆ. ಉಳಿದ ನಾಲ್ಕು ಕ್ಯಾಲೆಂಡರ್ ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕಲು ಹೋಗುತ್ತವೆ. ನಿಮ್ಮದು ಆ ನಾಲ್ಕರಲ್ಲಿ ಒಂದಾಗಿರುವ ಸಾಧ್ಯತೆಯೇ ಜಾಸ್ತಿ ಅಲ್ವಾ?

ಕೀಚೈನ್ ಹಾಗಲ್ಲ. ದಿನಕ್ಕೆ ಹತ್ತು ಸಲ ಕೈಗೆ ಬರುತ್ತದೆ. ಅದರಲ್ಲೂ ಕೊಕ್ಕೆ ಇದ್ದರೆ ಪ್ಯಾಂಟಿನ ಬೆಲ್ಟ್ ಲೂಪಿಗೋ ಬ್ಯಾಗಿಗೋ ಸಿಕ್ಕಿಸಿಕೊಂಡು ಓಡಾಡಬಹುದು, ಹೆಸರು ನಾಲ್ಕು ಜನರ ಕಣ್ಣಿಗೂ ಬೀಳುತ್ತದೆ. ಇದೇನು ಹೊಸ ಬುದ್ಧಿಯಲ್ಲ ಬಿಡಿ. ನಮ್ಮ ಅಜ್ಜಿ ಬೀಗದ ಕೈ ಗೊಂಚಲನ್ನು ಕೊಕ್ಕೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಅವರದ್ದು ಬೆಳ್ಳಿ, ನಮ್ಮದು ಅಲ್ಯೂಮಿನಿಯಂ.

ನಿಮ್ಮ ಗಿರಾಕಿಗಳು ಬೈಕಿನವರು. ಅವರಿಗೆ ಇನ್ನೊಂದು ಲಾಭವಿದೆ. ಮನೆ ಕೀ, ಅಂಗಡಿ ಕೀ, ಬೀರು ಕೀ ಎಲ್ಲ ಒಟ್ಟಿಗೆ ಇಗ್ನಿಷನ್ನಿಗೆ ಜೋತುಬಿದ್ದರೆ ಹಂಪ್ ಬಂದಾಗಲೆಲ್ಲ ಹ್ಯಾಂಡಲ್ ಹತ್ತಿರ ಬಡಿದು ಪೇಂಟ್ ಕೆರೆಯುತ್ತದೆ. ಕ್ಯಾರಬೀನರ್ ಇದ್ದರೆ ಬೈಕ್ ಕೀಯನ್ನಷ್ಟೇ ಬಿಡಿಸಿಕೊಂಡು, ಉಳಿದದ್ದನ್ನು ಸೊಂಟಕ್ಕೆ ಸಿಕ್ಕಿಸಬಹುದು. ಹೀಗೆ ಬಳಸಿ ಅಂತ ಕೊಡುವಾಗ ಒಂದು ಮಾತು ಹೇಳಿ. ಇಲ್ಲದಿದ್ದರೆ ಕೊಕ್ಕೆಯನ್ನೂ ಸೇರಿಸಿ ಇಗ್ನಿಷನ್ನಿಗೇ ನೇತುಹಾಕುತ್ತಾರೆ. ಸೈಜ್ ದೊಡ್ಡದು ಬೇಡ, ಐದಾರು ಸೆಂಟಿಮೀಟರ್ ಸಾಕು.

500ಕ್ಕೆ ಆರ್ಡರ್ ಕೊಡುವ ಮೊದಲು ಒಂದು ಸ್ಯಾಂಪಲ್ ಕೈಗೆ ತೆಗೆದುಕೊಳ್ಳಿ. ಫೋಟೊ ನೋಡಿ ಒಪ್ಪಬೇಡಿ. ಹೆಬ್ಬೆರಳಿನಿಂದ ಬಾಯಿಯನ್ನು ಒತ್ತಿ ಬಿಡಿ. ಟಕ್ ಅಂತ ತಾನೇ ಮುಚ್ಚಬೇಕು. ಟೀವಿ ನೋಡುತ್ತಾ ಇನ್ನೂರು ಸಲ ಒತ್ತಿ. ಕಳಪೆ ಮಾಲಾದರೆ ಅಷ್ಟರಲ್ಲೇ ಸ್ಪ್ರಿಂಗ್ ಸೋತು, ಬಾಯಿ ಅರ್ಧ ತೆರೆದೇ ನಿಲ್ಲುತ್ತದೆ. ಆಮೇಲೆ ಬಾಯಿಯ ತುದಿ ಮೈಗೆ ಸೇರುವ ಜಾಗದಲ್ಲಿ ಉಗುರು ಆಡಿಸಿ. ಸಂದು ಕಂಡರೆ ರಿಂಗು ಅಲ್ಲಿಂದಲೇ ಜಾರುತ್ತದೆ. ಬಾಯಿಯನ್ನು ಹಿಡಿದಿರುವ ಸಣ್ಣ ರಿವೆಟ್ ಅಲ್ಲಾಡುತ್ತಿದೆಯಾ ನೋಡಿ. ಕೀ ಹಾಕುವ ರಿಂಗನ್ನೂ ಬಿಡಿಸಿ ನೋಡಿ, ಎಷ್ಟೋ ಸಲ ಕೊಕ್ಕೆ ಚೆನ್ನಾಗಿದ್ದು ರಿಂಗು ಬಾಯಿ ಬಿಟ್ಟಿರುತ್ತದೆ.

ಇನ್ನು ಲೋಹ. ಮೈಗೆ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಕಬ್ಬಿಣ, ಒಂದು ಮಳೆಗಾಲದಲ್ಲಿ ತುಕ್ಕು. ಅಂಟದಿದ್ದರೆ ಅಲ್ಯೂಮಿನಿಯಂ ಇರಬಹುದು, ಸತುವಿನ ಎರಕವೂ ಇರಬಹುದು. ಅದನ್ನು ತೂಕದಲ್ಲಿ ಹಿಡಿಯಬೇಕು. ಒಂದೇ ಗಾತ್ರದ ಸತುವಿನ ತುಂಡು ಅಲ್ಯೂಮಿನಿಯಂಗಿಂತ ಎರಡೂವರೆ ಪಟ್ಟು ಭಾರ. ಸತುವಿನದು ಕೈಗೆ ಘನವಾಗಿ, ದುಬಾರಿ ಅನ್ನುವ ಹಾಗೆ ಇರುತ್ತದೆ. ಆದರೆ ಬಾಗುವುದಿಲ್ಲ, ಮುರಿಯುತ್ತದೆ. ನನ್ನ ಓಟು ಅಲ್ಯೂಮಿನಿಯಂಗೆ.

ಮಾಡಿಸಿ. ಆದರೆ ಇದೇ ಬಜೆಟ್ಟಿನಲ್ಲಿ 500 ಸಾಧಾರಣ ಮಾಲು ಸಿಗುತ್ತದೆ, 300 ಒಳ್ಳೇದು ಸಿಗುತ್ತದೆ ಅಂತಾದರೆ 300 ಮಾಡಿಸಿ. ಕೀ ಕಳೆದುಕೊಂಡವನು ಬೈಯುವುದು ಕೀಚೈನ್ ಮೇಲಿರುವ ಹೆಸರನ್ನೇ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಜಿಮ್ ನಡೆಸುತ್ತೇನೆ. ಸದಸ್ಯರಿಗೆ ಕೊಟ್ಟ ಕೀಚೈನ್‌ಗಳ ಮೇಲಿನ ಕೆಂಪು ಲೋಗೋ ಎರಡು ತಿಂಗಳಲ್ಲಿ ಅಳಿಸಿಹೋಯಿತು. ಪ್ರಿಂಟಿಂಗಿನವರು ಮೋಸ ಮಾಡಿದರಾ? ಮುಂದಿನ ಸಲ ಹೆಸರನ್ನು ಕನ್ನಡದಲ್ಲೇ ಹಾಕಿಸುವ ಆಸೆ.

ಮೋಸ ಅನ್ನಲಾರೆ. ಪ್ರಿಂಟ್ ಅಂದರೆ ಲೋಹದ ಮೇಲೆ ಕೂತ ಶಾಯಿ. ಜೇಬಿನಲ್ಲಿ ಕೀಗಳು ಇಡೀ ದಿನ ಅದನ್ನು ಕೆರೆಯುತ್ತಿರುತ್ತವೆ, ಜಿಮ್ಮಿನಲ್ಲಿ ಬೆವರು ಬೇರೆ. ಎಂಥ ಶಾಯಿಯಾದರೂ ಒಂದು ದಿನ ಹೋಗುತ್ತದೆ.

ಉಳಿಯಬೇಕು ಅಂದರೆ ಲೇಸರ್ ಹಾಕಿಸಿ. ಬಣ್ಣದ ಅಲ್ಯೂಮಿನಿಯಂ ಕ್ಯಾರಬೀನರ್‌ಗೆ ಸಾಮಾನ್ಯವಾಗಿ ಪೇಂಟ್ ಹೊಡೆದಿರುವುದಿಲ್ಲ, ಆನೊಡೈಸಿಂಗ್ ಮಾಡಿರುತ್ತಾರೆ. ಆಸಿಡ್ ತೊಟ್ಟಿಯಲ್ಲಿ ಕರೆಂಟ್ ಹಾಯಿಸಿದಾಗ ಲೋಹದ ಮೇಲ್ಮೈಯೇ ಗಟ್ಟಿ ಪದರವಾಗುತ್ತದೆ, ಅದರ ಸೂಕ್ಷ್ಮ ರಂಧ್ರಗಳೊಳಗೆ ಬಣ್ಣ ಇಳಿಯುತ್ತದೆ. ಲೇಸರ್ ಆ ಬಣ್ಣದ ಪದರವನ್ನು ಅಕ್ಷರದ ಆಕಾರದಲ್ಲಿ ಸುಡುತ್ತದೆ. ಕೆಳಗಿನ ಬೆಳ್ಳಿ ಬಣ್ಣ ಹೊಳೆಯುತ್ತದೆ. ಉಜ್ಜಿದರೂ ಹೋಗುವುದಿಲ್ಲ. ಒಂದೇ ಕೊರತೆ: ನಿಮ್ಮ ಕೆಂಪು ಲೋಗೋ ಕೆಂಪಾಗಿ ಬರುವುದಿಲ್ಲ. ಅದಕ್ಕೊಂದು ಉಪಾಯ, ಕೊಕ್ಕೆಯನ್ನೇ ಕೆಂಪು ತಗೊಳ್ಳಿ. ಹೆಸರು ಎದ್ದು ಕಾಣುವುದೇ ಮುಖ್ಯವಾದರೆ ಕಪ್ಪನ್ನು ಮೀರಿಸುವುದು ಯಾವುದೂ ಇಲ್ಲ.

ಕನ್ನಡದ ಆಸೆ ಕೇಳಿ ಖುಷಿಯಾಯಿತು, ಸ್ವಲ್ಪ ಭಯವೂ ಆಯಿತು. ಕೊಕ್ಕೆಯ ಮೈಯಲ್ಲಿ ಹೆಸರು ಬರೆಯಲು ಸಿಗುವ ಚಪ್ಪಟೆ ಜಾಗದ ಅಗಲ ಕೆಲವೇ ಮಿಲಿಮೀಟರ್. ಇಂಗ್ಲಿಷಿನ ದೊಡ್ಡಕ್ಷರ ಅಷ್ಟರಲ್ಲಿ ಕೂತುಬಿಡುತ್ತದೆ. ನಮಗೆ ಮೇಲೆ ಗುಡಿಸು, ಕೆಳಗೆ ಒತ್ತು, ಎರಡಕ್ಕೂ ಜಾಗ ಬೇಕು. ಇದನ್ನು ನಾನು ಕಲಿತದ್ದು ಮಾಲು ಹಾಳು ಮಾಡಿಕೊಂಡು. ಒಬ್ಬರು ಬಟ್ಟೆ ಅಂಗಡಿಯವರ ಆರ್ಡರ್. ಕಂಪ್ಯೂಟರ್ ಪರದೆ ಮೇಲೆ ಅಕ್ಷರ ಮುದ್ದಾಗಿತ್ತು. ಲೇಸರ್ ಆದ ಮೇಲೆ ನೋಡಿದರೆ ಒತ್ತಕ್ಷರ ಕೊಕ್ಕೆಯ ಅಂಚಿನಾಚೆ ಜಾರಿಹೋಗಿ 300 ಪೀಸಿನ ಮೇಲೂ 'ಬಟೆ ಅಂಗಡಿ'! ಆ ಮುನ್ನೂರೂ ಇನ್ನೂ ನನ್ನ ಗೋದಾಮಿನಲ್ಲಿವೆ. ಮನೆಯವರೆಲ್ಲ ಅದನ್ನೇ ಬಳಸುತ್ತೇವೆ.

ಹಾಗಾಗಿ ಹೆಸರು ಚಿಕ್ಕದಿರಲಿ, ಆದಷ್ಟು ಒತ್ತಕ್ಷರ ಇಲ್ಲದ್ದಿರಲಿ, ಗೆರೆ ತೀರಾ ಸಣ್ಣ ಇರುವ ಫಾಂಟ್ ಬೇಡ. ಜೋಪಾನ ಮಾಡಬೇಕಾದ್ದು ಇನ್ನೊಂದಿದೆ. 'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ಕನ್ನಡದ ಬದಲು ಅರ್ಥವಾಗದ ಚಿಹ್ನೆಗಳ ಸಾಲು ಬರುತ್ತದೆ. ಲೇಸರ್ ಮೆಷಿನ್ ನಡೆಸುವ ಹುಡುಗನಿಗೆ ಕನ್ನಡ ಓದಲು ಬಾರದಿದ್ದರೆ ಅದನ್ನೇ ಕೆತ್ತಿ ಕಳಿಸುತ್ತಾನೆ. ನಿಮ್ಮ ಡಿಸೈನರ್‌ಗೆ ಕೋರೆಲ್‌ಡ್ರಾದಲ್ಲಿ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಗೆರೆಚಿತ್ರಕ್ಕೆ, ಬದಲಿಸಿ ಕೊಡಲು ಹೇಳಿ. ವಾಟ್ಸಾಪ್‌ನಲ್ಲಿ ಬಂದ ಫೋಟೊವನ್ನೇ ಲೋಗೋ ಅಂತ ಕಳಿಸಬೇಡಿ, ಅಂಚೆಲ್ಲ ಒಡೆದಿರುತ್ತದೆ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಚಾರಣದ ಗುಂಪು ನಡೆಸುತ್ತೇವೆ. ಬಂದವರಿಗೆಲ್ಲ ನಮ್ಮ ಹೆಸರಿನ ಕ್ಯಾರಬೀನರ್ ಕೊಟ್ಟರೆ ಹೇಗೆ? ಹಗ್ಗಕ್ಕೂ ಬಳಸಬಹುದಾದ್ದು ಸಿಗುತ್ತದಾ?

ಕೊಡುವುದು ಚೆನ್ನ. ಹಗ್ಗದ ಮಾತು ಮಾತ್ರ ಇಲ್ಲಿಗೇ ಬಿಡಿ.

ಕ್ಯಾರಬೀನರ್ ಅನ್ನುವ ಹೆಸರು ಬಂದದ್ದು ಜರ್ಮನ್ನಿನ ಕರಬೀನರ್‌ಹಾಕೆನ್ ಪದದಿಂದ. ಕುದುರೆ ಸವಾರರು ಕಾರ್ಬೈನ್ ಬಂದೂಕನ್ನು ಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಕೊಕ್ಕೆ ಅದು. 20ನೇ ಶತಮಾನದ ಆರಂಭದಲ್ಲಿ ಬೆಟ್ಟ ಹತ್ತುವವರು ಅದನ್ನು ತಮ್ಮದಾಗಿ ಮಾಡಿಕೊಂಡರು. ಇವತ್ತು ಬಾದಾಮಿಯಲ್ಲೋ ರಾಮನಗರದಲ್ಲೋ ಬಂಡೆ ಹತ್ತುವವರ ಸೊಂಟದಲ್ಲಿ ನೋಡುತ್ತೀರಲ್ಲ, ಅದರ ಮೈಮೇಲೆ ಎಷ್ಟು ಎಳೆತ ತಡೆಯುತ್ತದೆ ಅನ್ನುವ ಕಿಲೋನ್ಯೂಟನ್ ಲೆಕ್ಕ ಕೆತ್ತಿರುತ್ತಾರೆ. ಯುರೋಪಿನ ಇಎನ್ 12275 ಮಾನದಂಡದ ಪ್ರಕಾರ ಸಾಮಾನ್ಯ ಕ್ಯಾರಬೀನರ್ ಉದ್ದಕ್ಕೆ ಎಳೆದಾಗ 20 ಕಿಲೋನ್ಯೂಟನ್ ತಡೆಯಬೇಕು. ಸುಮಾರು 2,000 ಕಿಲೋ ತೂಕ ನೇತುಹಾಕಿದ ಹಾಗೆ. ಅದೇ ಕೊಕ್ಕೆಗೆ ಬಾಯಿ ತೆರೆದಿದ್ದಾಗ ಬೇಕಾದ ಕನಿಷ್ಠ ಶಕ್ತಿ 7 ಮಾತ್ರ. ಅಂದರೆ ಆ ಬಾಯಿ ಸರಿಯಾಗಿ ಮುಚ್ಚಿಕೊಳ್ಳುವುದರಲ್ಲೇ ಜೀವ ಇದೆ.

ಕೀಚೈನ್ ಕೊಕ್ಕೆಗೆ ಇಂಥ ಯಾವ ಪರೀಕ್ಷೆಯೂ ಇಲ್ಲ. ನೋಡಲು ಅಣ್ಣ ತಮ್ಮಂದಿರ ಹಾಗೆ ಇರುತ್ತವೆ, ಅದೇ ತೊಂದರೆ. ನೀವು ಚಾರಣದವರು ಕೊಟ್ಟದ್ದು ಅಂದರೆ ಜನ ನಂಬಿಬಿಡುತ್ತಾರೆ. ಒಂದು ಬದಿ ನಿಮ್ಮ ಹೆಸರಿದ್ದರೆ ಇನ್ನೊಂದು ಬದಿ 'ಹತ್ತಲು ಬಳಸಬೇಡಿ' ಅಂತ ಕೆತ್ತಿಸಲೇಬೇಕು. ಇದರಲ್ಲಿ ಚೌಕಾಸಿ ಬೇಡ. ಮಗುವಿನ ಜೋಕಾಲಿಗೆ, ಹ್ಯಾಮಕ್‌ಗೆ ಕೂಡ ಬೇಡ ಅಂತ ಬಾಯಲ್ಲಿ ಹೇಳಿ. ನೀರಿನ ಬಾಟಲಿ, ಟೋಪಿ, ಒದ್ದೆ ಸಾಕ್ಸು ಬ್ಯಾಗಿಗೆ ಸಿಕ್ಕಿಸಲು ಧಾರಾಳವಾಗಿ ಬಳಸಲಿ.

ಪ್ರಶ್ನೆ: ಮೈಸೂರಿನ ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಗಿರಾಕಿಗಳಿಗೆ ಹಂಚುವ ಕೀಚೈನ್‌ಗೆ ಕಟ್ಟಿದ ಜಿಎಸ್‌ಟಿ ವಾಪಸ್ ತೆಗೆದುಕೊಳ್ಳಬಹುದಾ?

ಸುಮ್ನೆ ಗಿಫ್ಟ್ ಅಂತ ಹಂಚಿದರೆ ಇಲ್ಲ. ಸಿಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಂ ಗಿಫ್ಟ್ ಮತ್ತು ಉಚಿತ ಸ್ಯಾಂಪಲ್ ಆಗಿ ಕೊಟ್ಟ ವಸ್ತುವಿಗೆ ಇನ್‌ಪುಟ್ ಕ್ರೆಡಿಟ್ ತಡೆಯುತ್ತದೆ. ಬಜೆಟ್ ಹಾಕುವಾಗ ತೆರಿಗೆಯನ್ನೂ ಖರ್ಚಿಗೆ ಸೇರಿಸಿಕೊಳ್ಳಿ. ನಿಮ್ಮ ಬಿಲ್ಲಿಂಗ್ ಬೇರೆ ಥರ ಇದ್ದರೆ ಆಡಿಟರ್‌ರನ್ನು ಕೇಳಿ, ನನ್ನನ್ನಲ್ಲ.

ಪ್ರಶ್ನೆ: ನಮ್ಮ ಶಾಲೆಯ 1994ರ ಬ್ಯಾಚಿನವರು ಶಿವಮೊಗ್ಗದಲ್ಲಿ ಸೇರುತ್ತಿದ್ದೇವೆ. 60 ಜನರಿಗೆ, ಜೊತೆಗೆ ಬರುವ ಆರು ಜನ ಮೇಷ್ಟ್ರುಗಳಿಗೆ ಇದನ್ನೇ ಕೊಡಬಹುದಾ?

60 ಪೀಸಿಗೂ ಲೇಸರ್ ಮಾಡಿಕೊಡುತ್ತಾರೆ, ಪ್ರಿಂಟಿಂಗಿನ ಹಾಗೆ ಅಚ್ಚಿನ ಸ್ಕ್ರೀನ್ ಮಾಡಿಸುವ ಖರ್ಚಿಲ್ಲವಲ್ಲ. ಒಬ್ಬೊಬ್ಬರದಕ್ಕೂ ಬೇರೆ ಬೇರೆ ಹೆಸರು ಬೇಕೆಂದರೂ ಆಗುತ್ತದೆ. ಶಾಲೆಯ ಇಡೀ ಲಾಂಛನ ತುರುಕಲು ಹೋಗಬೇಡಿ, ಬರೀ ಒಂದು ಚುಕ್ಕೆಯ ಹಾಗೆ ಬರುತ್ತದೆ. ಊರಿನ ಹೆಸರು, 1994, ಸಾಕು. ಪಟ್ಟಿಯಲ್ಲಿ ಹೆಸರುಗಳ ಕಾಗುಣಿತವನ್ನು ಇಬ್ಬರು ನೋಡಿ ಕಳಿಸಿ.

ಮೇಷ್ಟ್ರುಗಳ ವಿಷಯದಲ್ಲಿ ಮಾತ್ರ ನನ್ನ ಮಾತು ಬೇರೆ. ಇಷ್ಟು ಹೊತ್ತು ಗಟ್ಟಿ ಸ್ಪ್ರಿಂಗ್ ನೋಡಿ ಅಂದವನು ನಾನೇ. ಆದರೆ ಎಪ್ಪತ್ತೈದು, ಎಂಬತ್ತು ದಾಟಿದವರ ಹೆಬ್ಬೆರಳಿಗೆ ಆ ಸ್ಪ್ರಿಂಗ್ ಒತ್ತುವುದು ಕಷ್ಟ. ಅವರಿಗೆ ದೊಡ್ಡ ರಿಂಗಿನ ಚರ್ಮದ ಕೀಚೈನ್ ಮಾಡಿಸಿ. ಹೆಸರನ್ನು ಸ್ವಲ್ಪ ದಪ್ಪ ಅಕ್ಷರದಲ್ಲಿ ಹಾಕಿಸಿ.