ಅಪ್ಪ ಐಸಿಯುನಿಂದ ಹುಷಾರಾಗಿ ಬಂದರೂ ಅಮ್ಮನಿಗೆ ಯಾಕೆ ನಿದ್ದೆ ಬರುತ್ತಿಲ್ಲ?

ಅಪ್ಪ ಮನೆಗೆ ಬಂದು ಎರಡು ತಿಂಗಳಾಯಿತು, ಆದರೆ ಅಮ್ಮ ರಾತ್ರಿ ಎದ್ದೆದ್ದು ಅವರ ಉಸಿರು ನೋಡುತ್ತಾರೆ, ಫೋನ್ ಬಂದರೆ ಬೆಚ್ಚಿಬೀಳುತ್ತಾರೆ ಅಂದಿರಿ. ಇದು ಸುಮ್ನೆ ಹೆದರಿಕೆ ಅಲ್ಲ. ವೈದ್ಯರು ಇದಕ್ಕೆ ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್–ಫ್ಯಾಮಿಲಿ ಅನ್ನುತ್ತಾರೆ, ಅಂದರೆ ಐಸಿಯು ರೋಗಿಯ ಮನೆಯವರನ್ನು ಆಮೇಲೂ ಕಾಡುವ ಮಾನಸಿಕ ತೊಂದರೆ. ಆತಂಕ, ಖಿನ್ನತೆ, ಆಘಾತದ ನೆನಪು ಮರುಕಳಿಸುವುದು, ಎಲ್ಲವೂ ಇದರಲ್ಲಿ ಸೇರುತ್ತವೆ.

ಒಳಗೆ ಮಲಗಿದ್ದವರಿಗೆ ಮಂಪರಿನ ಔಷಧಿ ಕೊಟ್ಟಿರುತ್ತಾರೆ, ಎಷ್ಟೋ ವಿಷಯ ನೆನಪೇ ಇರುವುದಿಲ್ಲ. ಹೊರಗಿನ ಕುರ್ಚಿಯಲ್ಲಿ ಕೂತವರಿಗೆ ಎಲ್ಲಾ ನೆನಪಿರುತ್ತದೆ. "ಪೇಷಂಟ್ ಕಡೆಯವರು ಯಾರು?" ಅಂತ ಕೂಗಿದಾಗ ಎದೆ ಧಸಕ್ ಅಂದದ್ದು, ವೆಂಟಿಲೇಟರ್ ಹಾಕಲು ಸಹಿ ಮಾಡುವಾಗ ಕೈ ನಡುಗಿದ್ದು. ಫ್ರಾನ್ಸ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಐಸಿಯು ದಿನಗಳು ಮುಗಿದು 90 ದಿನಗಳ ನಂತರವೂ ರೋಗಿಗಳ ಮನೆಯವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಇಂಥ ಆಘಾತದ ಲಕ್ಷಣಗಳಿದ್ದವು. ಸರಿಯಾಗಿ ಮಾಹಿತಿ ಸಿಗಲಿಲ್ಲ ಅನ್ನಿಸಿದವರಲ್ಲಿ, ನಿರ್ಧಾರದ ಹೊಣೆ ಹೊತ್ತವರಲ್ಲಿ ಇದು ಇನ್ನೂ ಜಾಸ್ತಿ.

"ಎಲ್ಲಾ ಸರಿಹೋಯ್ತಲ್ಲ, ಇನ್ಯಾಕೆ ಚಿಂತೆ?" ಅನ್ನಬೇಡಿ. ಹಾಗಂದರೆ ಅಮ್ಮ ಬಾಯಿ ಮುಚ್ಚಿಕೊಳ್ಳುತ್ತಾರೆ, ಅಷ್ಟೇ. ಅಪ್ಪನ ಮುಂದಿನ ಚೆಕಪ್‌ಗೆ ಅವರನ್ನೂ ಕರೆದೊಯ್ಯಿರಿ, ಮನಸ್ಸಲ್ಲಿ ಉಳಿದ ಪ್ರಶ್ನೆಗಳನ್ನು ಡಾಕ್ಟರ್ ಹತ್ತಿರ ಅವರೇ ಕೇಳಲಿ. ರಾತ್ರಿ ನೋಡಿಕೊಳ್ಳುವ ಕೆಲಸವನ್ನು ಕೆಲವು ದಿನ ನೀವೇ ವಹಿಸಿಕೊಳ್ಳಿ.

ಒಂದು ತಿಂಗಳು ದಾಟಿಯೂ ನಿದ್ದೆ, ಊಟ ಸರಿಯಾಗಿಲ್ಲದಿದ್ದರೆ ಮನೋವೈದ್ಯರನ್ನು ಕಾಣುವುದೇ ಸರಿ. ನಿಮ್ಮಮ್ಮ ಆ ಹಂತ ದಾಟಿದ್ದಾರೆ. ಹೋಗಲು ಹಿಂಜರಿದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿಸಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.