ಮಗಳ ತಟ್ಟೆ ಬೇರೆ ಇಡಬೇಕೇ?

ಪ್ರಶ್ನೆ: ನನಗೆ 66 ವರ್ಷ, ಕಾಪು ಸಮೀಪದ ಹಳ್ಳಿಯವಳು. ಬೀಡಿ ಕಟ್ಟಿ ಜೀವನ. ಮುಂಬೈಯಲ್ಲಿ ಹೋಟೆಲ್ ಕೆಲಸಕ್ಕಿದ್ದ ಅಳಿಯ ಏಡ್ಸ್‌ನಿಂದ ತೀರಿಕೊಂಡ. ಮಗಳಿಗೂ 10 ವರ್ಷದ ಮೊಮ್ಮಗನಿಗೂ ಎಚ್‌ಐವಿ ಇದೆ. ಇಬ್ಬರೂ ನನ್ನ ಮನೆಯಲ್ಲೇ ಇದ್ದು ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರ ತಟ್ಟೆ, ಲೋಟ ಬೇರೆ ಇಟ್ಟಿದ್ದೇನೆ. ಮಾತ್ರೆ ಏಕೆಂದು ಮೊಮ್ಮಗ ಕೇಳಿದಾಗ ರಕ್ತ ಕಡಿಮೆ ಎಂದಿದ್ದೇನೆ. ಅವರ ಚಿಂತೆಯಲ್ಲಿ ನನ್ನ ಬಿಪಿ ಮಾತ್ರೆ ಎಷ್ಟೋ ದಿನ ತಪ್ಪುತ್ತದೆ. ನಾನು ಹೋದರೆ ಇವರ ಗತಿಯೇನು?

ಉತ್ತರ: ಅಮ್ಮಾ, ತಟ್ಟೆ, ಲೋಟಗಳನ್ನು ಇವತ್ತೇ ಒಟ್ಟು ಸೇರಿಸಿ. ಎಂಜಲಿನಿಂದ, ಬೆವರಿನಿಂದ, ಒಂದೇ ಶೌಚಾಲಯದಿಂದ, ಮಗುವನ್ನು ಅಪ್ಪಿಕೊಂಡು ಮಲಗುವುದರಿಂದ ಎಚ್‌ಐವಿ ಬರುವುದಿಲ್ಲ. ಬ್ಲೇಡು, ಸೂಜಿ ಮಾತ್ರ ಅವರವರದ್ದೇ ಇರಲಿ. ತನ್ನ ಲೋಟ ಬೇರೆ ಏಕೆಂದು ಹುಡುಗ ಕೇಳದಿರಬಹುದು, ಅವನು ಗಮನಿಸದೆ ಇರಲಾರ.

ನಿಮ್ಮ ಮನೆಯಲ್ಲಿ ನಾನು ಹೆದರುವುದು ನಿಮ್ಮಿಂದ ಅವರಿಗೆ ತಗಲಬಹುದಾದ ಟಿಬಿಗೆ. ಎಚ್‌ಐವಿ ಇರುವವರಿಗೆ ಅದು ಸುಲಭವಾಗಿ ಅಂಟುತ್ತದೆ. ಬೀಡಿ ಕಟ್ಟುವವರಿಗೆ ಕೆಮ್ಮು ಇದ್ದದ್ದೇ ಎಂದು ಸುಮ್ಮನಿರಬೇಡಿ. ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ. ಅವರಿಬ್ಬರಲ್ಲಿ ಯಾರಿಗಾದರೂ ಕೆಮ್ಮು ಬಂದರೆ ಎರಡು ವಾರ ಕಾಯಲೂ ಬೇಡಿ. ಹೊಗೆಸೊಪ್ಪಿನ ಮೊರ ಮಗು ಮಲಗುವ ಕೋಣೆಯಿಂದ ಜಗಲಿಗೆ ಬರಲಿ.

‘ರಕ್ತ ಕಡಿಮೆ’ ಎಂಬ ಮಾತು ಹೆಚ್ಚು ದಿನ ನಿಲ್ಲುವುದಿಲ್ಲ. ಶಾಲೆಯ ತಪಾಸಣೆಯಲ್ಲಿ ಯಾರೋ ‘ರಕ್ತ ಚೆನ್ನಾಗಿದೆ’ ಎಂದರೆ ಅವನು ಮಾತ್ರೆ ಬಿಟ್ಟುಬಿಡಬಹುದು. ಬಿಟ್ಟು ಬಿಟ್ಟು ನುಂಗಿದರೆ ವೈರಸ್ ಔಷಧಕ್ಕೆ ಬಗ್ಗದಂತಾಗುತ್ತದೆ. ‘ನಿನ್ನ ರಕ್ತದಲ್ಲಿ ಒಂದು ವೈರಸ್ ಇದೆ, ಮಾತ್ರೆ ಅದನ್ನು ಮಲಗಿಸಿಡುತ್ತದೆ’ ಎಂದು ಈಗ ಹೇಳಬಹುದು. ರೋಗದ ಹೆಸರನ್ನು ಹಂತ ಹಂತವಾಗಿ, ಅವನು ಹದಿಹರೆಯಕ್ಕೆ ಕಾಲಿಡುವ ಮೊದಲೇ ಹೇಳಬೇಕು. ಉಡುಪಿ ಜಿಲ್ಲಾಸ್ಪತ್ರೆಯ ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರು ಇದಕ್ಕೆಂದೇ ಇದ್ದಾರೆ. ಮಗಳೊಂದಿಗೆ ಹೋಗಿ ಕುಳಿತು ಮಾತನಾಡಿ. ಊರಿನವರಿಗೆ ಹೇಳಬೇಕಾದ ಅಗತ್ಯವಿಲ್ಲ. 2017ರ ಎಚ್‌ಐವಿ ಕಾಯ್ದೆ ಆ ಗುಟ್ಟನ್ನು ಕಾಪಾಡುತ್ತದೆ. ನಿಮಗೆ ಮನಸ್ಸು ಬಿಚ್ಚಬೇಕೆನಿಸಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಅದು ಉಚಿತ.

ಪತ್ರ ಓದುವಾಗ ನನ್ನನ್ನು ಕಾಡಿದ್ದು ಬೇರೆ. ಅಳಿಯನ ಸಾವನ್ನು ಕಂಡ ನೀವು ಬದುಕಿರುವ ಮಗಳಿಗೂ ಸೂತಕ ಹಿಡಿದಂತಿದೆ. 2004ರಿಂದ ಸರ್ಕಾರವೇ ಈ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಿದೆ. ತಪ್ಪದೆ ನುಂಗಿದರೆ ಅವಳೂ ಎಲ್ಲರಂತೆ ದುಡಿದು, ಮಗನ ಮದುವೆ ನೋಡುವಷ್ಟು ಕಾಲ ಬಾಳಬಹುದು. ಮನೆಯ ಭಾರವನ್ನು ಅವಳಿಗೂ ಹಂಚಿ. ಅವಳು ಸ್ಥಿರವಾಗಿದ್ದರೆ ಒಮ್ಮೆಗೇ ಮೂರು ತಿಂಗಳ ಮಾತ್ರೆ ಸಿಗುವುದೇ ಎಂದು ಕೇಂದ್ರದಲ್ಲಿ ಕೇಳಿ. ಶಕ್ತಿ ಯೋಜನೆ ಇದ್ದರೂ ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಓಡಾಟ ಕಡಿಮೆಯಾದರೆ ಪ್ರತಿ ಸಲದ ಟಿಕೆಟಿನ ಹಣವೂ ಒಂದು ದಿನದ ಕೂಲಿಯೂ ಉಳಿಯುತ್ತದೆ. ಅವರಿಬ್ಬರೂ ಮಾತ್ರೆ ನುಂಗುವ ಹೊತ್ತಿಗೆ ನಿಮ್ಮ ಬಿಪಿ ಮಾತ್ರೆಯ ಹೊತ್ತನ್ನೂ ಹೊಂದಿಸಿಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ನಿಮಗೆ ಪಾರ್ಶ್ವವಾಯು ಬಡಿದರೆ ಅವರಿಬ್ಬರ ಔಷಧವೂ ತಪ್ಪುತ್ತದೆ.

ಕೊನೆಯ ಪ್ರಶ್ನೆಗೆ ಅದೇ ಕಾಯ್ದೆಯಲ್ಲಿ ದಾರಿಯಿದೆ. ತಾನು ಅಶಕ್ತಳಾದರೆ ಅಥವಾ ತೀರಿಕೊಂಡರೆ ಮಗುವಿಗೆ ಯಾರು ಪೋಷಕರಾಗಬೇಕೆಂದು ತಾಯಿ ಮೊದಲೇ ವಿಲ್ ಬರೆದಿಡಬಹುದು. ವಯಸ್ಕ ಬಂಧುವೂ ಆಗಬಹುದು, ಸ್ನೇಹಿತರೂ ಆಗಬಹುದು. ತುಳುನಾಡಿನಲ್ಲಿ ಸೋದರಮಾವನ ಹೆಸರೇ ಮೊದಲು ಬಾಯಿಗೆ ಬರುತ್ತದೆ. ಆದರೆ ಆ ಮಾವ ಮಗುವನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣ್ಣುವವನೇ ಎಂದು ಮೊದಲು ನೋಡಿಕೊಳ್ಳಿ. ಹೆಸರನ್ನು ನೀವು ಗೊತ್ತು ಮಾಡಬೇಡಿ, ಮಗಳನ್ನೇ ಕೇಳಿ. ಬರೆಯುವ ಹಕ್ಕು ಅವಳದು.