ಕಹಿ ಆಗದವರಿಗೆ ಹೇಜಿ ಐಪಿಎ

ಬಾಸ್ಟನ್‌ಗೆ ಹೊಸಬ, ಕಹಿ ಬಿಯರ್ ಆಗಲ್ಲ, ಹೇಜಿ ಐಪಿಎ (ಇಂಡಿಯಾ ಪೇಲ್ ಏಲ್ ಎಂಬ ಬಿಯರ್‌ನ ಮಬ್ಬಾದ ಬಗೆ) ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನೀವು ಇರುವುದೇ ಅದರ ತವರಿನ ಪಕ್ಕದಲ್ಲಿ! ವರ್ಮಾಂಟ್ ರಾಜ್ಯದ ಆಲ್ಕೆಮಿಸ್ಟ್ ಬ್ರೂವರಿಯವರ ಹೆಡಿ ಟಾಪರ್ ಬಿಯರ್‌ನಿಂದಲೇ ಈ ಶೈಲಿಗೆ ಹೆಸರು ಬಂದದ್ದು. ಆದರೆ ಅದರಲ್ಲಿ ಆಲ್ಕೋಹಾಲ್ 8% ಇದೆ, ಕಹಿಯೂ ಸ್ವಲ್ಪ ಜಾಸ್ತಿ. ಮೊದಲಿಗೆ ಬೇಡ.

ಟ್ರೀ ಹೌಸ್ ಬ್ರೂವರಿಯ ಜೂಲಿಯಸ್ ಕುಡಿದು ನೋಡಿ. ಚಾರ್ಲ್‌ಟನ್ ಊರಿನ ಅವರ ಬ್ರೂವರಿಗೇ ಹೋಗಿ ತರಬಹುದು, ಹೋಗಿದ್ದಕ್ಕೆ ಮೋಸವಿಲ್ಲ. ಲೋಟಕ್ಕೆ ಸುರಿದರೆ ಕಿತ್ತಳೆ ರಸದ ಹಾಗೆ ಮಬ್ಬು, ಮೂಗಿನ ಹತ್ತಿರ ತಂದರೆ ಹಣ್ಣಾದ ಮಾವಿನ ವಾಸನೆ. ಬಿಯರ್‌ಗೆ ಕಹಿ, ಘಮ ಕೊಡುವ ಹಾಪ್ಸ್ ಹೂವನ್ನು ಕುದಿಸುವಾಗ ಕಡಿಮೆ, ಆಮೇಲೆ ಜಾಸ್ತಿ ಹಾಕುತ್ತಾರೆ. ಅದಕ್ಕೇ ಘಮ ಹೆಚ್ಚು, ಕಹಿ ಕಡಿಮೆ. ಓಟ್ಸ್, ಗೋಧಿ ಸೇರಿಸುವುದರಿಂದ ನಾಲಿಗೆಗೆ ನುಣುಪು.

ಊರೊಳಗೇ ಬೇಕೆಂದರೆ ಟ್ರಿಲಿಯಮ್ ಬ್ರೂವರಿಗೆ ಹೋಗಿ. ಚಿಕ್ಕ ಲೋಟದಲ್ಲಿ ಎರಡು ಮೂರು ಬಗೆ ಕೇಳಿ, ಸುಮ್ನೆ ನಾಲ್ಕು ಕ್ಯಾನ್ ಒಟ್ಟಿಗೆ ಕೊಳ್ಳಬೇಡಿ. ಅಂಗಡಿಯಲ್ಲಾದರೆ ಸಿಯೆರಾ ನೆವಾಡಾದ ಹೇಜಿ ಲಿಟಲ್ ಥಿಂಗ್ ಸುಲಭವಾಗಿ ಸಿಗುತ್ತದೆ, 6.7%.

ಒಂದು ಮಾತು ಮರೆಯಬೇಡಿ: ಕ್ಯಾನ್ ತಿರುಗಿಸಿ ತುಂಬಿದ ತಾರೀಖು ನೋಡಿ. ಎರಡು ತಿಂಗಳು ದಾಟಿದ್ದರೆ ಬಿಟ್ಟುಬಿಡಿ, ಘಮ ಹೋಗಿರುತ್ತದೆ. ತಂದದ್ದನ್ನು ಫ್ರಿಜ್‌ನಲ್ಲೇ ಇಡಿ.